ಪೆಡಲಿಗೂ ಮೊದಲಿನ ಪಾಠ

ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು ಓಡಿಸಲು ಕಲಿತವರಿಗೆ ಆ ಮೊದಲ ದಿನಗಳು ಮರೆತಿರಲಾರವು. ಸೀಟು ಹುಡುಗರ ಎದೆಮಟ್ಟಕ್ಕಿರುತ್ತಿತ್ತು, ಹತ್ತಿ ಕೂರುವ ಮಾತೇ ಇಲ್ಲ. ಎಡಗಾಲನ್ನು ಪೆಡಲಿನ ಮೇಲಿಟ್ಟು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಬಲಗಾಲಿನಿಂದ ನೆಲವನ್ನು ಒದ್ದು ಒದ್ದು ಮುಂದೆ ಸಾಗಬೇಕು. ನಾಲ್ಕು ಸಲ ಒದ್ದ ಮೇಲೆ ಐದನೆಯ ಸಲಕ್ಕೆ ಬಲಗಾಲು ಗಾಳಿಯಲ್ಲೇ ಉಳಿಯುತ್ತಿತ್ತು. ಸೈಕಲ್ ಹತ್ತಿಪ್ಪತ್ತು ಅಡಿ ತಾನಾಗಿ ಹರಿಯುತ್ತಿತ್ತು. ಅಲ್ಲಿಗೆ ಅರ್ಧ ಸೈಕಲ್ ಬಂದಂತೆ. ಚೌಕಟ್ಟಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ತುಳಿಯುವುದು, ಬಾರಿನ ಮೇಲೆ ಕಾಲು ದಾಟಿಸುವುದು, ಕಡೆಗೊಮ್ಮೆ ಸೀಟಿನ ಮೇಲೆ ಕೂರುವುದು, ಇವೆಲ್ಲ ಆಮೇಲಿನವು.

ಊರೂರಿನ ಮಕ್ಕಳು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದ ಕ್ರಮ ಇದು: ಮೊದಲು ಬ್ಯಾಲೆನ್ಸ್, ಆಮೇಲೆ ಪೆಡಲು. ನಡುವೆ ಪುಟ್ಟ ಮಕ್ಕಳ ಸೈಕಲ್ಲುಗಳು ಮಾರುಕಟ್ಟೆಗೆ ಬಂದವು. ಅವುಗಳ ಹಿಂದಿನ ಚಕ್ರದ ಅಕ್ಕಪಕ್ಕ ಎರಡು ಸಣ್ಣ ಗಾಲಿಗಳಿದ್ದವು. ಕ್ರಮ ತಲೆಕೆಳಗಾಯಿತು. ಮಕ್ಕಳು ಮೂರು ವರ್ಷಕ್ಕೇ ಪೆಡಲು ತುಳಿಯಲು ಕಲಿತರು, ಬ್ಯಾಲೆನ್ಸ್ ಮಾತ್ರ ಆರು-ಏಳು ವರ್ಷದವರೆಗೂ ಬಾಕಿ ಉಳಿಯಿತು. ಪಕ್ಕದ ಗಾಲಿ ಬಿಚ್ಚಿದ ದಿನ ಮಗು ಹೆದರಿ ಅತ್ತಿದ್ದು, ಅಪ್ಪ ಬೆನ್ನು ಬಗ್ಗಿಸಿ ಸೀಟು ಹಿಡಿದುಕೊಂಡು ಬೀದಿ ತುಂಬ ಓಡಿದ್ದು ಅನೇಕ ಮನೆಗಳ ನೆನಪು. ಈಗ ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಎರಡೂವರೆ ವರ್ಷದ ಮಕ್ಕಳು ಓಡಿಸುತ್ತಿರುವ ಪೆಡಲೂ ಇಲ್ಲದ, ಚೈನೂ ಇಲ್ಲದ ಪುಟಾಣಿ ಸೈಕಲ್ಲು ಹಳೆಯ ಕ್ರಮವನ್ನೇ ಮರಳಿ ತಂದಿದೆ. ಅದರ ಹೆಸರು ಬ್ಯಾಲೆನ್ಸ್ ಬೈಕ್. ಎರಡು ಚಕ್ರ, ಒಂದು ಸೀಟು, ಒಂದು ಹ್ಯಾಂಡಲ್, ಅಷ್ಟೇ. ಎಂಜಿನ್ನು ಮಗುವಿನ ಎರಡು ಕಾಲು.

ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ನೆನೆದರೆ ಸಾಕು. ಕೋಲು ಎಡಕ್ಕೆ ವಾಲಿದರೆ ಕೈಯೂ ಎಡಕ್ಕೇ ಸರಿಯುತ್ತದೆ, ಬೀಳುತ್ತಿರುವ ತುದಿಯ ಅಡಿಗೆ ಬುಡವನ್ನು ತಂದು ನಿಲ್ಲಿಸುತ್ತದೆ. ಸೈಕಲ್ಲಿನಲ್ಲೂ ಅದೇ. ಎಡಕ್ಕೆ ವಾಲಿದಾಗ ಹ್ಯಾಂಡಲನ್ನು ಎಡಕ್ಕೇ ತಿರುಗಿಸಬೇಕು. ಆಗ ಚಕ್ರಗಳು ದೇಹದ ಭಾರದ ಕೆಳಗೆ ಬಂದು ಸೇರಿಕೊಳ್ಳುತ್ತವೆ. ತಿರುಗುವ ಚಕ್ರಗಳು ಬುಗುರಿಯಂತೆ ಸೈಕಲನ್ನು ಎತ್ತಿ ಹಿಡಿಯುತ್ತವೆ ಎಂಬ ವಿವರಣೆಯನ್ನು ಬಹಳ ಜನ ಶಾಲೆಯಲ್ಲಿ ಕೇಳಿರುತ್ತಾರೆ. 2011ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್, ಅಮೆರಿಕದ ಕಾರ್ನೆಲ್ ಮೊದಲಾದ ವಿಶ್ವವಿದ್ಯಾಲಯಗಳ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಆ ಉತ್ತರ ಪೂರ್ಣವಲ್ಲವೆಂದು ತೋರಿಸಿತು. ಬುಗುರಿ ಪರಿಣಾಮವನ್ನು ವಿರುದ್ಧ ದಿಕ್ಕಿಗೆ ತಿರುಗುವ ಗಾಲಿಗಳಿಂದ ಅಳಿಸಿಹಾಕಿದ ಅವರ ಸೈಕಲ್ಲು ಸವಾರನಿಲ್ಲದೆಯೂ ನೆಟ್ಟಗೆ ಸಾಗಿತು. ಬೀಳುವ ಕಡೆಗೇ ತಿರುಗುವ ಗುಣವಿದ್ದರೆ ಸೈಕಲ್ ನಿಲ್ಲುತ್ತದೆ.

ಪಕ್ಕದ ಗಾಲಿ ಕೆಡಿಸುವುದು ಈ ಗುಣವನ್ನೇ. ಅದು ಸೈಕಲನ್ನು ವಾಲಲು ಬಿಡುವುದಿಲ್ಲ. ವಾಲದ ಸೈಕಲ್ಲಿನ ಮೇಲೆ ಮಗುವಿಗೆ ಸರಿದೂಗಿಸಲು ಏನೂ ಇರುವುದಿಲ್ಲ, ತಿರುವಿನಲ್ಲಿ ದೇಹ ಒಳಕ್ಕೆ ಬಾಗುವ ಬದಲು ಹೊರಕ್ಕೆ ಎಳೆದಂತಾಗುತ್ತದೆ. ಅಂದರೆ ಮುಂದೆ ಮರೆಯಬೇಕಾದ ಅಭ್ಯಾಸವೊಂದನ್ನು ಮಗು ಎರಡು-ಮೂರು ವರ್ಷ ರೂಢಿಸಿಕೊಂಡಿರುತ್ತದೆ. ಪೋರ್ಚುಗಲ್ಲಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಬ್ಯಾಲೆನ್ಸ್ ಬೈಕಿನಿಂದ ಆರಂಭಿಸಿದವರು ಸರಾಸರಿ ನಾಲ್ಕು ವರ್ಷ ದಾಟುತ್ತಿದ್ದಂತೆ ಸ್ವತಂತ್ರವಾಗಿ ಸೈಕಲ್ ಓಡಿಸಿದ್ದರು; ಪಕ್ಕದ ಗಾಲಿಯಿಂದ ಆರಂಭಿಸಿದವರಿಗೆ ಆರು ವರ್ಷದ ಹತ್ತಿರವಾಗಿತ್ತು. ಜನರನ್ನು ಕೇಳಿ ಕಲೆಹಾಕಿದ ಮಾಹಿತಿಯಿದು. ಬ್ಯಾಲೆನ್ಸ್ ಬೈಕ್ ಕೊಡಿಸುವ ಮನೆಯವರು ಬೇಗ ಶುರುಮಾಡಿಸುವವರೂ ಹೌದು. ಅಷ್ಟನ್ನು ಕಳೆದರೂ ಎರಡು ವರ್ಷದ ಅಂತರ ಸಣ್ಣದಲ್ಲ.

ವಸ್ತು ಹೊಸದೆನಿಸಿದರೂ ಇತಿಹಾಸ ಹಾಗೆ ಹೇಳುವುದಿಲ್ಲ. ಪ್ರಪಂಚದ ಮೊಟ್ಟಮೊದಲ ಸೈಕಲ್ಲಿಗೇ ಪೆಡಲಿರಲಿಲ್ಲ. 1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ನಗರದಿಂದ ಕಾರ್ಲ್ ಡ್ರೈಸ್ ಎಂಬ ಅರಣ್ಯಾಧಿಕಾರಿ ತಾನೇ ಮಾಡಿದ ಎರಡು ಚಕ್ರದ ಮರದ ಯಂತ್ರದ ಮೇಲೆ ಕುಳಿತು, ಕಾಲಿನಿಂದ ನೆಲ ತಳ್ಳುತ್ತಾ ಸುಮಾರು 13 ಕಿಲೋಮೀಟರ್ ದೂರವನ್ನು ಒಂದು ಗಂಟೆಗೂ ಕಡಿಮೆ ಸಮಯದಲ್ಲಿ ಕ್ರಮಿಸಿದ. ಅದಕ್ಕೆ ಅವನಿಟ್ಟ ಹೆಸರು ‘ಲೌಫ್‌ಮಶೀನೆ’, ಓಡುವ ಯಂತ್ರ. ಪೆಡಲು ಬಂದದ್ದು 1860ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ. ಅಲ್ಲಿಯವರೆಗೆ ದೊಡ್ಡವರು ಓಡಿಸಿದ ಎರಡು ಚಕ್ರದ ಗಾಡಿಗಳೆಲ್ಲ ಹೆಚ್ಚುಕಡಿಮೆ ಬ್ಯಾಲೆನ್ಸ್ ಬೈಕುಗಳೇ.

ಡ್ರೈಸ್‌ನ ಯಂತ್ರವನ್ನು ಸೋಲಿಸಿದ್ದರಲ್ಲಿ ರಸ್ತೆಯ ಪಾಲು ದೊಡ್ಡದು. ಕುದುರೆಗಾಡಿಗಳ ಚಕ್ರ ಕೊರೆದ ಹಳ್ಳಗಳಲ್ಲಿ ಬ್ಯಾಲೆನ್ಸ್ ಮಾಡಲಾಗದೆ ಸವಾರರು ಕಾಲುದಾರಿಗೆ ಹತ್ತಿದರು, ನಡೆಯುವವರಿಗೆ ಢಿಕ್ಕಿ ಹೊಡೆದರು. ಜರ್ಮನಿ, ಇಂಗ್ಲೆಂಡ್, ಅಮೆರಿಕದ ನಗರಗಳು ಒಂದರ ಹಿಂದೊಂದು ಅದನ್ನು ನಿಷೇಧಿಸಿದವು. ಕಲ್ಕತ್ತಾ ಕೂಡ ನಿಷೇಧಿಸಿತು.

ಮಕ್ಕಳಿಗಾಗಿ ಆ ಯಂತ್ರ ಮರುಹುಟ್ಟು ಪಡೆದದ್ದೂ ಜರ್ಮನಿಯಲ್ಲೇ. 1997ರಲ್ಲಿ ರೋಲ್ಫ್ ಮೆರ್ಟೆನ್ಸ್ ತನ್ನ ಪುಟ್ಟ ಮಗನಿಗಾಗಿ ಮರದ ಬ್ಯಾಲೆನ್ಸ್ ಬೈಕ್ ವಿನ್ಯಾಸಗೊಳಿಸಿದ. ಅದು ‘ಲೈಕ್ ಎ ಬೈಕ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಜರ್ಮನ್ನರು ಇವತ್ತಿಗೂ ಬ್ಯಾಲೆನ್ಸ್ ಬೈಕನ್ನು ‘ಲೌಫ್‌ರಾಡ್’, ಅಂದರೆ ಓಡುವ ಸೈಕಲ್ಲು ಎನ್ನುತ್ತಾರೆ. ಡ್ರೈಸ್‌ನ ಪದ ಇನ್ನೂ ಬಾಯಲ್ಲಿದೆ. ಅಮೆರಿಕದ ಸೌತ್ ಡಕೋಟಾದಲ್ಲಿ ರಯಾನ್ ಮೆಕ್‌ಫಾರ್ಲೆಂಡ್ ಎಂಬ ತಂದೆ ಮಗನ ಸೈಕಲ್ಲಿನಿಂದ ಪೆಡಲು, ಚೈನುಗಳನ್ನು ಕಿತ್ತುಹಾಕುತ್ತಾ ಹೋಗಿ 2007ರಲ್ಲಿ ‘ಸ್ಟ್ರೈಡರ್’ ಕಂಪನಿ ಕಟ್ಟಿದ. ಎರಡು ಊರಿನ ಇಬ್ಬರು ಅಪ್ಪಂದಿರು ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು.

ಇನ್ನು ಕೊಳ್ಳುವ ಮಾತು. ವಯಸ್ಸು ಹೇಳಿ ಸೈಕಲ್ ಕೇಳುವುದೇ ಮೊದಲ ತಪ್ಪು. ಪೆಟ್ಟಿಗೆಯ ಮೇಲೆ ‘2ರಿಂದ 5 ವರ್ಷ’ ಎಂದು ಅಚ್ಚಾಗಿರುತ್ತದೆ, ಆದರೆ ಒಂದೇ ವಯಸ್ಸಿನ ಇಬ್ಬರು ಮಕ್ಕಳ ಕಾಲಿನ ಉದ್ದದಲ್ಲಿ ಮೂರು-ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಸಾಮಾನ್ಯ. ಬೇಕಾದದ್ದು ಕಾಲಿನ ಒಳಅಳತೆ. ಮಗುವನ್ನು ಹೊರಗೆ ಹಾಕಿಕೊಳ್ಳುವ ಶೂಗಳಲ್ಲೇ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತೊಡೆಸಂದಿಗೆ ತಾಗುವಂತೆ ತೆಳ್ಳಗಿನ ಪುಸ್ತಕವೊಂದನ್ನು ಅಡ್ಡ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪಿನಲ್ಲಿ ಅಳೆದರಾಯಿತು. ಸೀಟಿನ ಎತ್ತರ ಇದಕ್ಕಿಂತ ಎರಡು-ಮೂರು ಸೆಂಟಿಮೀಟರ್ ಕಡಿಮೆ ಇರಬೇಕು. 33 ಸೆಂಟಿಮೀಟರ್ ಕಾಲಿಗೆ 30 ಅಥವಾ 31 ಸೆಂಟಿಮೀಟರಿನ ಸೀಟು. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೂರಿ, ಮಂಡಿ ತುಸು ಬಾಗಿರಬೇಕು. ಹಾಗಾಗಿ ಸೀಟು ಎಷ್ಟು ಮೇಲೇರುತ್ತದೆ ಎಂಬುದಕ್ಕಿಂತ ಎಷ್ಟು ಕೆಳಗಿಳಿಯುತ್ತದೆ ಎಂದು ಅಂಗಡಿಯಲ್ಲಿ ಮೊದಲು ಕೇಳಬೇಕು. ‘ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ’ ಎಂಬ ಲೆಕ್ಕ ಸ್ಕೂಲ್ ಯೂನಿಫಾರಂಗೆ ಸರಿ. ಇಲ್ಲಿ ತುದಿಗಾಲಲ್ಲಿ ನೆಲ ಮುಟ್ಟುವ ಮಗು ಹೆದರುತ್ತದೆ, ಹೆದರಿದ ಮಗು ಸೈಕಲನ್ನು ಮೂಲೆಗೆ ತಳ್ಳುತ್ತದೆ. ಈ ಇಡೀ ಬರಹದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಸೀಟಿನ ಎತ್ತರವನ್ನು ನೆನಪಿಟ್ಟುಕೊಂಡರೆ ಸಾಕು.

ಎರಡನೆಯದು ತೂಕ. ಎರಡು ವರ್ಷದ ಮಗು ಸುಮಾರು 12 ಕೆಜಿ ಇರುತ್ತದೆ. ಅದರ ಕೈಗೆ ಐದಾರು ಕೆಜಿಯ ಸೈಕಲ್ ಕೊಟ್ಟರೆ ಬಿದ್ದಾಗ ಎತ್ತಲಾರದು, ತಿರುಗಿಸಲಾರದು. ಮಗುವಿನ ತೂಕದ ಮೂರನೇ ಒಂದು ಭಾಗವನ್ನು ಮೀರದಿರಲಿ. ಮೂರರಿಂದ ನಾಲ್ಕು ಕೆಜಿಯೊಳಗಿದ್ದರೆ ಚೆನ್ನ. ಬಹುತೇಕ ಬ್ಯಾಲೆನ್ಸ್ ಬೈಕುಗಳ ಚಕ್ರ 12 ಇಂಚಿನದು, ತೀರಾ ಚಿಕ್ಕವರಿಗೆ 10 ಇಂಚಿನವೂ ಇವೆ.

ಟೈರು ಎರಡು ಬಗೆ. ಗಟ್ಟಿ ಫೋಮಿನ ಟೈರು ಹಗುರ, ಪಂಕ್ಚರ್ ಇಲ್ಲ, ಹವಾ ತುಂಬುವ ಗೋಜಿಲ್ಲ. ಹವಾ ತುಂಬುವ ರಬ್ಬರ್ ಟೈರು ಕುಲುಕಾಟ ಕಡಿಮೆ ಮಾಡುತ್ತದೆ, ಒದ್ದೆ ನೆಲದಲ್ಲಿ ಹಿಡಿತ ಹೆಚ್ಚು. ನುಣುಪು ಟೈಲ್ಸ್ ಹಾಸಿದ ಅಂಗಳವಿರುವ, ಮಳೆ ಜಾಸ್ತಿಯಿರುವ ಕಡೆ ರಬ್ಬರ್ ಟೈರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೆ ನಷ್ಟವಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಬಿದ್ದಿರುವ ಬಯಲುಸೀಮೆಯ ಮಣ್ಣುಹಾದಿಗೆ ಫೋಮ್ ಟೈರೇ ನೆಮ್ಮದಿ.

ಚಕ್ರವನ್ನು ನೆಲದಿಂದೆತ್ತಿ ಒಮ್ಮೆ ತಿರುಗಿಸಿ ನೋಡಬೇಕು. ಬೇರಿಂಗ್ ಚೆನ್ನಾಗಿದ್ದರೆ ಸದ್ದಿಲ್ಲದೆ ಬಹಳ ಹೊತ್ತು ತಿರುಗುತ್ತದೆ. ಅಗ್ಗದ ಪ್ಲಾಸ್ಟಿಕ್ ಬುಷ್‌ನ ಚಕ್ರ ಎರಡು ಸುತ್ತಿಗೇ ನಿಂತುಬಿಟ್ಟರೆ ಮಗುವಿನ ಒದೆತವೆಲ್ಲ ವ್ಯರ್ಥ, ಕಾಲೆತ್ತಿ ತೇಲುವ ಹಂತ ಬರುವುದೇ ಇಲ್ಲ. ಹ್ಯಾಂಡಲ್ಲಿನ ತುದಿಯ ಗ್ರಿಪ್ ಅಣಬೆಯಂತೆ ದಪ್ಪಗಿರಲಿ. ಬಿದ್ದಾಗ ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ಒತ್ತಿದರೆ ಒಳಗೆ ಗಾಯವಾಗುವುದುಂಟು. ಚಕ್ರದ ಅಚ್ಚಿನ ನಟ್ಟುಗಳು ಹೊರಚಾಚಿ ಮೀನಖಂಡ ಗೀರುವಂತಿರಬಾರದು. ಕಾಲಿಡುವ ಪಟ್ಟಿ ಇದ್ದರೆ ಹಿಮ್ಮಡಿಗೆ ತಗಲುತ್ತದೆಯೇ ಎಂದು ಮಗುವನ್ನು ಕೂರಿಸಿಯೇ ನೋಡಬೇಕು. ಕೈಬ್ರೇಕು ಎರಡು ವರ್ಷದವರಿಗೆ ಬೇಕಿಲ್ಲ, ಅಷ್ಟು ಪುಟ್ಟ ಬೆರಳಿಗೆ ಲಿವರ್ ಎಟುಕುವುದೂ ಇಲ್ಲ, ಅವರ ಬ್ರೇಕು ಅವರ ಕಾಲೇ. ಮೂರೂವರೆ ದಾಟಿದವರಿಗೆ ಕೊಳ್ಳುವುದಾದರೆ ಹಿಂಚಕ್ರದ ಬ್ರೇಕು ಇದ್ದದ್ದು ಮುಂದಿನ ಸೈಕಲ್ಲಿಗೆ ಒಳ್ಳೆಯ ತಯಾರಿ.

ಆನ್‌ಲೈನ್ ಮಾರುಕಟ್ಟೆಯಲ್ಲಿ ಒಂದು ವರ್ಷದ ಕೂಸಿಗೆಂದು ‘ಬೇಬಿ ಬ್ಯಾಲೆನ್ಸ್ ಬೈಕ್’ ಹೆಸರಿನ, ನಾಲ್ಕು ಸಣ್ಣ ಗಾಲಿಯ ಆಟಿಕೆಗಳು ಧಾರಾಳವಾಗಿ ಸಿಗುತ್ತವೆ. ಅವು ಮುದ್ದಾಗಿವೆ, ಮನೆಯೊಳಗೆ ಆಡಲು ಅಡ್ಡಿಯಿಲ್ಲ. ಆದರೆ ವಾಲದ ಗಾಡಿ ಬ್ಯಾಲೆನ್ಸ್ ಕಲಿಸುವುದಿಲ್ಲ. ಆ ಹೆಸರು ನಂಬಿ ದುಡ್ಡು ಹಾಕುವುದಕ್ಕಿಂತ, ಮಗು ಗಟ್ಟಿಯಾಗಿ ನಡೆದು ಓಡಲು ಶುರುಮಾಡುವವರೆಗೆ ಕಾಯುವುದು ಮೇಲು. ಹೆಚ್ಚಿನ ಮಕ್ಕಳಿಗೆ ಅದು ಎರಡು ವರ್ಷದ ಆಸುಪಾಸು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆಟಿಕೆಯೆಂದು ಮಾರುವ ಯಾವುದೇ ಗಾಡಿಯ ಪೆಟ್ಟಿಗೆಯ ಮೇಲೆ ಅದನ್ನು ಹುಡುಕಬೇಕು.

ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಬ್ಯಾಲೆನ್ಸ್ ಬೈಕಿನಲ್ಲಿ ಕೆಡುವಂಥದ್ದು ಕಡಿಮೆ, ಮಗು ಬೆಳೆದ ಮನೆಯಿಂದ ಅರ್ಧ ಬೆಲೆಗೆ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಬಹುದು. ಮನೆಯಲ್ಲಿ ಈಗಾಗಲೇ ಪೆಡಲಿನ ಪುಟ್ಟ ಸೈಕಲ್ ಇದ್ದರೆ ಅದರ ಪಕ್ಕದ ಗಾಲಿ ಮತ್ತು ಪೆಡಲುಗಳನ್ನು ಬಿಚ್ಚಿ, ಸೀಟನ್ನು ಪೂರ್ತಿ ಇಳಿಸಿದರೆ ಅದೇ ಬ್ಯಾಲೆನ್ಸ್ ಬೈಕ್. ಸಾಮಾನ್ಯವಾಗಿ 15ನೇ ನಂಬರಿನ ಪಾನಾ ಸಾಕು. ಬಲಗಡೆಯ ಪೆಡಲು ಎಲ್ಲ ತಿರುಪಿನಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ; ಎಡಗಡೆಯದಕ್ಕೆ ಉಲ್ಟಾ ಮರೆ, ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಬಲ ಹಾಕಿ ಮರೆ ಕೆಡಿಸಿಕೊಂಡವರು ಬಹಳ. ಇಂಥ ಕಬ್ಬಿಣದ ಸೈಕಲ್ಲು ಎರಡು ವರ್ಷದವರಿಗೆ ಭಾರವಾಗುತ್ತದೆ ನಿಜ, ನಾಲ್ಕು ವರ್ಷ ದಾಟಿಯೂ ಬ್ಯಾಲೆನ್ಸ್ ಬಾರದ ಮಗುವಿಗೆ ಮಾತ್ರ ಖರ್ಚಿಲ್ಲದ ಪರಿಹಾರ.

ಸೈಕಲ್ ಮನೆಗೆ ಬಂದ ಮೇಲೆ ದೊಡ್ಡವರು ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಹೆಚ್ಚು. ಮೊದಲ ದಿನಗಳಲ್ಲಿ ಅದನ್ನು ಹಾಲ್‌ನಲ್ಲಿ ಬೇರೆ ಆಟಿಕೆಗಳ ಜೊತೆ ಇಟ್ಟುಬಿಟ್ಟರೆ ಸಾಕು. ಮಗು ಮೊದಲು ಸೀಟಿನ ಮೇಲೆ ಕೂರದೆ, ಕಾಲುಗಳ ನಡುವೆ ಸೈಕಲ್ ಇಟ್ಟುಕೊಂಡು ಸುಮ್ಮನೆ ನಡೆಯುತ್ತದೆ. ಇದು ವಾರಗಟ್ಟಲೆ ಸಾಗಬಹುದು. ನೋಡುವವರಿಗೆ ಬೇಸರ, ಮಗುವಿಗಲ್ಲ. ಆಮೇಲೊಂದು ದಿನ ಸೀಟಿಗೆ ಭಾರ ಬಿಡುತ್ತದೆ, ಕೂತು ಹೆಜ್ಜೆ ಹಾಕುತ್ತದೆ, ಹೆಜ್ಜೆ ಉದ್ದವಾಗುತ್ತದೆ, ಓಟವಾಗುತ್ತದೆ. ಕಡೆಗೆ ಎರಡೂ ಕಾಲು ಮೇಲೆತ್ತಿ ತೇಲುತ್ತದೆ. ಒಂದು ಮಗು ಎರಡು ವಾರದಲ್ಲಿ ತೇಲಿದರೆ ಇನ್ನೊಂದಕ್ಕೆ ಆರು ತಿಂಗಳು ಬೇಕಾಗಬಹುದು. ಎದುರು ಮನೆಯ ಮಗುವಿನ ಜೊತೆ ಹೋಲಿಸಿ ಅವಸರಿಸಿದಷ್ಟೂ ತಡವಾಗುತ್ತದೆ.

ಹ್ಯಾಂಡಲ್ ಹಿಡಿದು ಸಹಾಯ ಮಾಡುವುದು ಎಲ್ಲರೂ ಮಾಡುವ ತಪ್ಪು. ವಾಲಿದ್ದನ್ನು ಹ್ಯಾಂಡಲ್ಲಿನಿಂದ ಸರಿಪಡಿಸಿಕೊಳ್ಳುವುದೇ ಪಾಠ. ಅದನ್ನು ಅಪ್ಪನ ಕೈ ಮಾಡಿಬಿಟ್ಟರೆ ಕಲಿಯುವುದು ಅಪ್ಪನ ಕೈ. ಹಿಂದಿನಿಂದ ತಳ್ಳುವುದೂ ಬೇಡ. ಮಗು ತನ್ನ ಕಾಲಿನಿಂದ ಗಳಿಸಿದ ವೇಗವನ್ನಷ್ಟೇ ತನ್ನ ಕಾಲಿನಿಂದ ನಿಲ್ಲಿಸಬಲ್ಲದು. ತೀರಾ ಹೆದರುವ ಮಗುವಿದ್ದರೆ ಕಂಕುಳ ಹತ್ತಿರ ಮೈಯನ್ನು ಹಗುರವಾಗಿ ಹಿಡಿಯಬಹುದು. ಮಕ್ಕಳು ಮೊದಮೊದಲು ತಮ್ಮ ಕಾಲನ್ನೋ ಮುಂಚಕ್ರವನ್ನೋ ನೋಡುತ್ತಾರೆ. ‘ಕೆಳಗೆ ನೋಡಬೇಡ’ ಎಂದರೆ ಪ್ರಯೋಜನವಿಲ್ಲ. ‘ಅಲ್ಲಿ ಅಜ್ಜಿ ನಿಂತಿದಾರೆ ನೋಡು ಪುಟ್ಟಿ, ಅವರ ಹತ್ರ ಹೋಗು’ ಎಂದರೆ ತಲೆ ತಾನಾಗಿ ಮೇಲೇಳುತ್ತದೆ.

ಚಪ್ಪಲಿ ಬೇಡ. ಕಾಲೇ ಬ್ರೇಕಾದ್ದರಿಂದ ಬೆರಳು ಮುಚ್ಚುವ, ಕಚ್ಚಿ ಕೂರುವ ಶೂ ಬೇಕು; ಎರಡು ತಿಂಗಳಲ್ಲಿ ಅದರ ಮೂತಿ ಸವೆಯುತ್ತದೆ, ಸವೆಯಲಿ. ಹೆಲ್ಮೆಟ್ ಮೊದಲ ದಿನದಿಂದಲೇ ಇರಲಿ. ಸೈಕಲ್ ಅಂದರೆ ಹೆಲ್ಮೆಟ್ ಎಂದು ಎರಡು ವರ್ಷಕ್ಕೇ ರೂಢಿಯಾದರೆ ಹತ್ತು ವರ್ಷಕ್ಕೆ ಜಗಳವಿರುವುದಿಲ್ಲ. ಅದು ಹಿಂದಕ್ಕೆ ಜಾರಿ ಹಣೆ ಬಿಟ್ಟಿರಬಾರದು. ಹುಬ್ಬಿನ ಮೇಲೆ ಎರಡು ಬೆರಳು ಜಾಗ, ಗದ್ದದ ಪಟ್ಟಿಯೊಳಗೆ ಒಂದೆರಡು ಬೆರಳು ತೂರುವಷ್ಟು ಸಡಿಲ. ಒಳಗಿನ ಚೀಟಿಯಲ್ಲಿ ಇಎನ್ 1078 ಅಥವಾ ಇಎನ್ 1080 ಎಂಬ ಐರೋಪ್ಯ ಮಾನದ ಸಂಖ್ಯೆ ಇದೆಯೇ ನೋಡಬೇಕು. ಎರಡನೆಯದು ಪುಟ್ಟ ಮಕ್ಕಳಿಗೇ ಮಾಡಿದ್ದು: ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡು ಜೋರಾಗಿ ಎಳೆದರೆ ಬಕಲ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ಜಾರುಬಂಡೆ, ಏಣಿಗಳಿಗೆ ಹೆಲ್ಮೆಟ್ ಹಾಕಿಕೊಂಡೇ ಹತ್ತುವ ಮಕ್ಕಳ ಕುತ್ತಿಗೆಗೆ ಪಟ್ಟಿ ಉರುಳಾಗುವ ಅಪಾಯವಿದೆ. ಯಾವ ಹೆಲ್ಮೆಟ್ಟಾದರೂ ಸೈಕಲ್ ಇಳಿದ ಕೂಡಲೇ ತೆಗೆಯುವುದು ಒಳ್ಳೆಯದು.

ಎಲ್ಲಿ ಓಡಿಸುವುದು ಎಂಬುದೇ ನಮ್ಮ ಊರುಗಳಲ್ಲಿ ಕಷ್ಟದ ಪ್ರಶ್ನೆ. ಡ್ರೈಸ್ ಎದುರಿಸಿದ ಹಳ್ಳದ ರಸ್ತೆ ಇನ್ನೂರು ವರ್ಷದ ಮೇಲೂ ಬೆಂಗಳೂರಿನ ಮಗುವಿನ ಮುಂದಿದೆ. ಫುಟ್‌ಪಾತ್ ಇದ್ದರೆ ಪ್ರತಿ ಗೇಟಿಗೂ ಏರಿ ಇಳಿಯುತ್ತದೆ, ಚಪ್ಪಡಿ ಎದ್ದಿರುತ್ತದೆ. ಬಡಾವಣೆಯ ಅನೇಕ ಪಾರ್ಕುಗಳ ಗೇಟಿನಲ್ಲೇ ‘ಸೈಕಲ್ ನಿಷೇಧಿಸಿದೆ’ ಎಂಬ ಫಲಕ. ಮೂರಡಿ ಎತ್ತರದ ಮಕ್ಕಳು ನಾಲ್ಕು ಕೆಜಿಯ ಬಂಡಿಯನ್ನು ಹೆಜ್ಜೆ ಹೆಜ್ಜೆಗೆ ತಳ್ಳುವುದನ್ನೂ ಆ ಫಲಕದ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ಬೆಳಗಿನ ಒಂದು ಗಂಟೆಯಾದರೂ ಪುಟ್ಟವರಿಗೆ ಬಿಟ್ಟುಕೊಡಲು ನಿವಾಸಿಗಳ ಸಂಘಗಳು ಒತ್ತಾಯಿಸಬೇಕು. ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ಭಾನುವಾರ ವಾಹನಗಳಿಗೆ ಪ್ರವೇಶವಿಲ್ಲದಿರುವುದು ನಗರದ ಮಕ್ಕಳ ಪಾಲಿನ ದೊಡ್ಡ ಭಾಗ್ಯ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟು ಮಾತ್ರ ಖಂಡಿತ ಬೇಡ. ನೆಲ ನುಣುಪಾಗಿದೆ, ನೆರಳಿದೆ, ಮಳೆ ಬರುವುದಿಲ್ಲ. ಆದರೆ ರಿವರ್ಸ್ ಬರುವ ಕಾರಿನ ಚಾಲಕನಿಗೆ ಎರಡು ವರ್ಷದ ಸವಾರರು ಕನ್ನಡಿಯಲ್ಲಿ ಕಾಣುವುದೇ ಇಲ್ಲ. ತಗ್ಗು ಗೋಡೆಯ ತಾರಸಿ, ಮೆಟ್ಟಿಲ ಪಕ್ಕ, ಈಜುಕೊಳದ ಅಂಚು ಕೂಡ ಅಷ್ಟೇ. ಈ ವಿಷಯದಲ್ಲಿ ಹಳ್ಳಿಯ ಮಕ್ಕಳು ಅದೃಷ್ಟವಂತರು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಅಡಿಕೆ ಒಣಗಿಸಲು ಮಾಡಿದ ಸಿಮೆಂಟಿನ ಅಂಗಳಕ್ಕಿಂತ ಒಳ್ಳೆಯ ಕಲಿಕೆಯ ಜಾಗ ಸಿಗಲಾರದು: ಅಗಲ, ಸಮತಟ್ಟು, ವಾಹನವಿಲ್ಲ. ಅಡಿಕೆ ಹರವದ ದಿನಗಳಲ್ಲಿ ಅದು ಪೂರ್ತಿ ಮಗುವಿನದು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುವಾಗ ಮಾತ್ರ ಸೈಕಲ್ ಜಗಲಿಯಲ್ಲಿರಲಿ. ತೇಲಲು ಕಲಿತ ಮಗುವಿಗೆ ತುಸುವೇ ಇಳಿಜಾರಿರುವ, ಕೊನೆಯಲ್ಲಿ ಸಮತಟ್ಟಾಗುವ ಜಾಗ ಸಿಕ್ಕರೆ ಹಬ್ಬ. ಇಳಿಜಾರಿನ ತುದಿಯಲ್ಲಿ ರಸ್ತೆ, ಗೇಟು, ಗೋಡೆ ಇರಕೂಡದು.

ಮಗು ಹತ್ತು ಹದಿನೈದು ಮೀಟರ್ ದೂರ ಕಾಲೆತ್ತಿ ತೇಲುತ್ತಾ, ತೇಲುತ್ತಲೇ ತಿರುವು ತೆಗೆದುಕೊಳ್ಳುತ್ತಿದ್ದರೆ ಪೆಡಲಿನ ಸೈಕಲ್ಲಿಗೆ ಸಿದ್ಧವಾದಂತೆ. ಹೆಚ್ಚಿನವರಿಗೆ ಇದು ಮೂರೂವರೆಯಿಂದ ಐದು ವರ್ಷದ ನಡುವೆ ಆಗುತ್ತದೆ. ಆ ಸೈಕಲ್ಲನ್ನು ಆರಿಸುವಾಗಲೂ ಎರಡೂ ಪಾದ ನೆಲಕ್ಕೆ ತಾಗುವ ನಿಯಮ ಬಿಡಬಾರದು. ಅಂಗಡಿಯವರು ಕೇಳದೆಯೇ ಪಕ್ಕದ ಗಾಲಿ ಜೋಡಿಸಲು ಪಾನಾ ಕೈಗೆತ್ತಿಕೊಳ್ಳುತ್ತಾರೆ. ಬೇಡವೆಂದು ಆಗಲೇ ಹೇಳಬೇಕು. ಪೆಡಲು ತುಳಿಯುವುದು ಬಹುತೇಕ ಮಕ್ಕಳಿಗೆ ಒಂದೆರಡು ದಿನದ ಕೆಲಸ. ಹೊಸದಾಗಿ ಕಲಿಯಬೇಕಾದದ್ದು ನಿಲ್ಲಿಸುವುದನ್ನು. ಕಾಲೂರಿ ನಿಲ್ಲಿಸಿ ರೂಢಿಯಾದ ಮಗು ಗಾಬರಿಯಲ್ಲಿ ಕಾಲನ್ನೇ ಕೆಳಗೆ ಬಿಡುತ್ತದೆ, ತಿರುಗುವ ಪೆಡಲು ಕಣಕಾಲಿಗೆ ಬಡಿಯುತ್ತದೆ. ಅದಕ್ಕೆ ಮೊದಲ ವಾರ ಸೈಕಲನ್ನು ಪಕ್ಕದಲ್ಲಿ ತಳ್ಳಿಕೊಂಡು ನಡೆಯುತ್ತಾ ಬ್ರೇಕ್ ಒತ್ತಿ ನಿಲ್ಲಿಸುವ ಆಟ ಆಡಿಸುವುದು ಒಳ್ಳೆಯದು.

ಪೆಡಲು ಬಂದ ಮೇಲೂ ಹಳೆಯ ಪುಟಾಣಿ ಸೈಕಲನ್ನು ಕೂಡಲೇ ಅಟ್ಟಕ್ಕೆ ಹಾಕಬೇಕಿಲ್ಲ, ಮಕ್ಕಳು ಕೆಲವು ವಾರ ಎರಡನ್ನೂ ಓಡಿಸುತ್ತಾರೆ. ಆಮೇಲೆ ತಮ್ಮನಿಗೋ ತಂಗಿಗೋ ನೆರೆಮನೆಯ ಕೂಸಿಗೋ ದಾಟಿಸುವ ಮುಂಚೆ ನಟ್ಟುಗಳನ್ನೆಲ್ಲ ಒಮ್ಮೆ ಬಿಗಿಮಾಡಿ, ಹರಿದ ಗ್ರಿಪ್ ಬದಲಿಸಿ, ಮೇಲೇರಿದ್ದ ಸೀಟನ್ನು ಮತ್ತೆ ತೀರಾ ಕೆಳಕ್ಕೆ ಇಳಿಸಬೇಕು.